ಐದು, ನಾಲ್ಕು, ಒಂದು, ಸೊನ್ನೆ

– ದೊಡ್ಡಪ್ಪ, ನಾಳೆ ಹಿನ್ನೀರಿನಲ್ಲಿ ಮಕ್ಕಳ ಹಾಯಿದೋಣಿ ರೇಸ್ ಇದೆ. ನನಗೆ ಟೈಮ್‌ಕೀಪರ್ ಕೆಲಸ ಹಚ್ಚಿದ್ದಾರೆ.

– ಒಳ್ಳೇದಾಯ್ತು.

– ಏನು ಒಳ್ಳೇದು? ಎಲ್ಲರೂ ನೀರಿನ ಮೇಲೆ ಆಡ್ತಿರ್ತಾರೆ, ನಾನು ಕಮಿಟಿ ಬೋಟಿನಲ್ಲಿ ಕೂತು ಗಡಿಯಾರ ನೋಡ್ತಿರಬೇಕು. ಫೋನಿನಲ್ಲೇ ಸ್ಟಾಪ್‌ವಾಚ್ ಇದೆ. ಒತ್ತೋದು, ಓದೋದು, ಬರೆಯೋದು. ಅದಕ್ಕೆ ಅಂತಲೇ ಒಬ್ಬರು ಬೇಕಾ?

– ಬಾ, ಇಲ್ಲಿ ಜಗುಲಿ ಮೇಲೆ ಕೂತುಕೊ. ಹಲಸೂರು ಕೆರೆಯಲ್ಲಿ ಹಾಯಿ ಕಟ್ಟೋದು ಕಲಿತಾಗ ನನಗೂ ಹಾಗೇ ಅನ್ನಿಸಿತ್ತು. ಆಗಿನ್ನೂ ಸೇನೆಯ ಮದ್ರಾಸ್ ಸ್ಯಾಪರ್ಸ್ ಸೇರಿದ ಹೊಸದು. ತೋಳಿನಲ್ಲಿ ಕಸುವು, ತಲೆಯಲ್ಲಿ ದೋಣಿಯ ಹುಚ್ಚು. ಒಂದು ಭಾನುವಾರ ನಮ್ಮ ಸುಬೇದಾರ್ ಸಾಹೇಬರು ಕೈಗೊಂದು ಸ್ಟಾಪ್‌ವಾಚ್ ಕೊಟ್ಟು ಕೂರಿಸಿದರು. ಮುಖ ಊದಿಸಿಕೊಂಡೇ ಕೂತೆ. ಸಂಜೆ ಹೊತ್ತಿಗೆ ಗಂಟಲು ಕಟ್ಟಿಹೋಗಿತ್ತು, ಬೆನ್ನು ನೆಟ್ಟಗಾಗುತ್ತಿರಲಿಲ್ಲ. ಮೂರು ರೇಸ್ ಮುಗಿದಿದ್ದವು, ಒಂದನ್ನೂ ನಾನು ನೋಡಿರಲಿಲ್ಲ.

– ಅಲ್ಲೇ ಕೂತಿದ್ದು ನೋಡಲಿಲ್ಲವಾ?

– ಹೊರಡುವ ಹೊತ್ತಿನಲ್ಲಿ ಟೈಮ್‌ಕೀಪರ್ ದೋಣಿಗಳನ್ನು ನೋಡೋ ಹಾಗಿಲ್ಲ. ಅದೇ ಮೊದಲ ಪಾಠ. ಉಳಿದದ್ದೆಲ್ಲ ಆಮೇಲೆ.

– ಸರಿ, ಮೊದಲಿಂದಲೇ ಹೇಳಿ. ಹೊರಡಿಸೋದಕ್ಕೆ ಐದು ನಿಮಿಷ ಯಾಕೆ ಬೇಕು? ಓಟದ ಪಂದ್ಯದಲ್ಲಿ ಪಿಸ್ತೂಲು ಹೊಡೆದರೆ ಆಯ್ತು, ಎಲ್ಲರೂ ಓಡ್ತಾರೆ.

– ಓಟಗಾರ ಗೆರೆಯ ಮೇಲೆ ನಿಲ್ಲಬಲ್ಲ. ಕಂಬಳದ ಕೋಣಗಳು ಎಷ್ಟೇ ಕೊಸರಾಡಲಿ, ನಾಲ್ಕು ಜನ ಹಿಡಿದು ನಿಲ್ಲಿಸಬಹುದು. ಹಾಯಿದೋಣಿಗೆ ಬ್ರೇಕ್ ಇಲ್ಲ. ಗಾಳಿ ಬೀಸುತ್ತಲೇ ಇರುತ್ತದೆ, ನೀರು ಜರುಗುತ್ತಲೇ ಇರುತ್ತದೆ. ಅದರ ಮಧ್ಯೆ ಇಪ್ಪತ್ತು ಮೂವತ್ತು ದೋಣಿ ಒಂದೇ ಗೆರೆಯ ಹಿಂದೆ ಸುಳಿದಾಡುತ್ತಿರುತ್ತವೆ. ಆ ಗೆರೆಯನ್ನಾದರೂ ಯಾರೂ ನೀರಿನ ಮೇಲೆ ಎಳೆದಿಲ್ಲ. ಕಮಿಟಿ ಬೋಟಿನ ಕಂಬ ಒಂದು ಕಡೆ, ತೇಲುವ ಬೋಯಾ ಇನ್ನೊಂದು ಕಡೆ, ಮಧ್ಯೆ ನಮ್ಮ ಕಣ್ಣಿಗೆ ಕಾಣುವ ಗೆರೆ ಅಷ್ಟೇ. ಸೊನ್ನೆ ಆದ ಕ್ಷಣಕ್ಕೆ ಪೂರಾ ವೇಗದಲ್ಲಿ ಆ ಗೆರೆಯ ಮೇಲಿರಬೇಕು, ಒಂದು ಗೇಣೂ ಮುಂದಿರಬಾರದು. ಅಂದರೆ ಅಷ್ಟು ದೂರದಿಂದ ಲೆಕ್ಕ ಹಾಕಿಕೊಂಡು ಬರಬೇಕು. ಆ ಲೆಕ್ಕಕ್ಕೆ ಬೇಕಾದ ಹೊತ್ತು ಈ ಐದು ನಿಮಿಷ. ಹಿಂದೆ ಹತ್ತು ನಿಮಿಷದ ಕ್ರಮವಿತ್ತು. ಈಗ ಐದು, ನಾಲ್ಕು, ಒಂದು, ಸೊನ್ನೆ.

– ಮೂರು, ಎರಡು ಇಲ್ಲವಾ?

– ಇಲ್ಲ. ಐದು ನಿಮಿಷ ಇದ್ದಾಗ ಆ ದೋಣಿಗಳ ಕ್ಲಾಸ್ ಬಾವುಟ ಏರುತ್ತದೆ, ಜೊತೆಗೆ ಒಂದು ಸದ್ದು. ‘ನಿಮ್ಮ ಸರದಿ ಬಂತು’ ಅಂತ. ನಾಲ್ಕು ನಿಮಿಷಕ್ಕೆ ಎರಡನೇ ಬಾವುಟ. ಸಾಮಾನ್ಯವಾಗಿ ನೀಲಿಯ ನಡುವೆ ಬಿಳಿ ಚೌಕ ಇರುವ ಪಿ ಬಾವುಟ. ಅದು ಏರಿತು ಅಂದರೆ ಇನ್ನು ನೀನು ರೇಸಿನೊಳಗೆ, ನಿಯಮ ತಪ್ಪಿದರೆ ದಂಡ. ಒಂದು ನಿಮಿಷ ಉಳಿದಾಗ ಪಿ ಇಳಿಯುತ್ತದೆ, ಆಗ ಉದ್ದನೆಯ ಸದ್ದು. ಸೊನ್ನೆಗೆ ಕ್ಲಾಸ್ ಬಾವುಟ ಇಳಿಯುತ್ತದೆ. ರೇಸ್ ಶುರು. ಎರಡು ಏರಿಕೆ, ಎರಡು ಇಳಿಕೆ. ನಾಲ್ಕೂ ನಿನ್ನ ಬಾಯಿಂದ ಹೊರಡಬೇಕು.

– ರೇಸ್ ಆಫೀಸರ್ ಇರ್ತಾರಲ್ಲ?

– ಇರ್ತಾರೆ. ಗಾಳಿ ಯಾವ ಕಡೆಯಿಂದ, ಗೆರೆ ಓರೆಯಾಗಿದೆಯಾ, ಈ ಹೊತ್ತಿಗೆ ಹೊರಡಿಸಬಹುದಾ, ಅದೆಲ್ಲ ಅವರ ತಲೆನೋವು. ಬಾವುಟದ ಹಗ್ಗ ಒಬ್ಬರ ಕೈಯಲ್ಲಿ, ಹಾರ್ನ್ ಇನ್ನೊಬ್ಬರ ಕೈಯಲ್ಲಿ. ಗೆರೆಯುದ್ದಕ್ಕೂ ಕಣ್ಣು ನೆಟ್ಟು ಕೂತವರು ಮತ್ತೊಬ್ಬರು, ಬರೆಯೋರು ಬೇರೆ. ಇವರೆಲ್ಲರೂ ಒಟ್ಟಿಗೆ ಕಿವಿಗೊಟ್ಟಿರೋದು ನಿನ್ನ ದನಿಗೆ. ನಮ್ಮ ಕಡೆ ಮದುವೆ ನೆನೆಸಿಕೊ. ಮುಹೂರ್ತ ಹತ್ತಿರ ಬಂದಿದೆ. ಅಂತರಪಟ ಹಿಡಿದವರು ಪುರೋಹಿತರ ಮುಖ ನೋಡ್ತಿದ್ದಾರೆ. ವಾಲಗದವರು ಪೀಪಿ ಬಾಯಿಗಿಟ್ಟು ಕಾಯ್ತಿದ್ದಾರೆ. ಹುಡುಗ ಹುಡುಗಿ ಜೀರಿಗೆ ಬೆಲ್ಲ ಮುಷ್ಟಿಯಲ್ಲಿ ಹಿಡಿದು ನಿಂತಿದ್ದಾರೆ. ಪುರೋಹಿತರ ಕಣ್ಣು ಮಾತ್ರ ಗಡಿಯಾರದ ಮೇಲೆ. ಬೆರಳೆತ್ತಿ ‘ಗಟ್ಟಿಮೇಳ’ ಅಂದರು, ಪಟ ಸರಿಯಿತು, ಓಲಗ ಮೊಳಗಿತು. ಆ ಮಂಟಪದಲ್ಲಿ ಹುಡುಗಿಯ ಮುಖ ನೋಡದೆ ಇದ್ದವರು ಅವರೊಬ್ಬರೇ.

– ಹಿಂದೆ ಗಡಿಯಾರ ಇಲ್ಲದಾಗ?

– ಗಳಿಗೆ ಬಟ್ಟಲು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಡೋದು. ಅದು ತುಂಬಿ ಮುಳುಗಿದರೆ ಒಂದು ಗಳಿಗೆ, ಈಗಿನ ಲೆಕ್ಕದಲ್ಲಿ 24 ನಿಮಿಷ. ಅದರ ಮುಂದೆಯೂ ಒಬ್ಬರು ಕಣ್ಣು ಕದಲಿಸದೆ ಕೂರಲೇಬೇಕಿತ್ತು. ಬಟ್ಟಲು ಮುಳುಗಿದ್ದನ್ನು ನೋಡದೆ ಹೋದರೆ ಲೆಕ್ಕ ಅಲ್ಲಿಗೇ ತಪ್ಪಿತು.

– ಇನ್ನೊಂದು ಅನುಮಾನ. ನಾಲ್ಕು ಸಲವೂ ಸದ್ದು ಆಗುತ್ತೆ ಅಂದಿರಿ. ಕಿವಿಗೆ ಕೇಳಿದರೆ ಸಾಕಲ್ಲ, ಬಾವುಟ ಯಾಕೆ?

– ಇದು ಕೇಳಬೇಕಾದ ಪ್ರಶ್ನೆ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಗೆರೆ ಅಷ್ಟೇ ಉದ್ದ ಇದೆ ಅಂತ ಇಟ್ಟುಕೊ. ನಿನ್ನ ಪಕ್ಕದಲ್ಲಿರುವ ದೋಣಿಗೆ ಹಾರ್ನ್ ಆಗಲೇ ಕೇಳಿತು. ಆಚೆ ಬೋಯಾ ಹತ್ತಿರ ಇರುವವನಿಗೆ ಒಂದು ಸೆಕೆಂಡು ತಡ. ಚಿಕ್ಕ ದೋಣಿ ಐದು ನಾಟ್ ವೇಗದಲ್ಲಿದ್ದರೆ ಸೆಕೆಂಡಿಗೆ ಎರಡೂವರೆ ಮೀಟರ್ ಹೋಗುತ್ತದೆ. ಒಲಿಂಪಿಕ್ಸಿನಲ್ಲಿ ಒಬ್ಬೊಬ್ಬರೇ ನಡೆಸುವ ಲೇಸರ್ ದೋಣಿ ಇದೆಯಲ್ಲ, ಅದರ ಉದ್ದ ನಾಲ್ಕು ಮೀಟರಿಗೆ ತುಸು ಹೆಚ್ಚು. ಅಂದರೆ ದೂರದವನು ಯಾವ ತಪ್ಪೂ ಮಾಡದೆ ಅರ್ಧ ದೋಣಿಗಿಂತ ಹೆಚ್ಚು ಹಿಂದೆ ಬಿದ್ದ. ಬೆಳಕಿಗೆ ಆ ತಡ ಇಲ್ಲ. ಬಾವುಟ ಇಳಿದದ್ದು ಎರಡೂ ತುದಿಗೆ ಒಂದೇ ಕ್ಷಣದಲ್ಲಿ ಕಾಣುತ್ತದೆ. ಅದಕ್ಕೇ ರೇಸಿಂಗ್ ನಿಯಮದ 26ನೇ ಕಲಮಿನಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ: ಸಮಯವನ್ನು ಕಣ್ಣಿಗೆ ಕಾಣುವ ಸಂಕೇತದಿಂದಲೇ ತೆಗೆದುಕೊಳ್ಳಬೇಕು, ಸದ್ದು ಬರದೇ ಹೋದರೂ ಲೆಕ್ಕಕ್ಕಿಲ್ಲ. ಇಂಗ್ಲೆಂಡಿನ ಕೌಸ್‌ನಲ್ಲಿ ರಾಯಲ್ ಯಾಟ್ ಸ್ಕ್ವಾಡ್ರನ್ ಅಂತ ಕ್ಲಬ್ಬಿದೆ. ಅದರ ಮುಂದೆ ಸಾಲಾಗಿ 22 ಪುಟ್ಟ ಹಿತ್ತಾಳೆ ಫಿರಂಗಿ ಇಟ್ಟಿದ್ದಾರೆ, ರೇಸ್ ಹೊರಡಿಸೋದಕ್ಕೆ ಅಂತಲೇ. ಅಲ್ಲಿ ಕೂಡ ಗುಂಡಿನ ಸದ್ದು ದೂರದ ದೋಣಿಗೆ ತಲಪುವ ಮೊದಲೇ ಹೊಗೆ ಕಂಡಿರುತ್ತದೆ.

– ಹಾಗಿದ್ದರೆ ಬಾವುಟ ಯಾವಾಗ ಇಳಿಯಿತೋ ಅದೇ ಸಮಯ. ಗಡಿಯಾರ ಏನೇ ಹೇಳಲಿ.

– ದೋಣಿಯವರ ಪಾಲಿಗೆ ಹೌದು.

– ಮತ್ತೆ ನಾನು ಎರಡು ಸೆಕೆಂಡು ಹಿಂದೆ ಮುಂದೆ ಮಾಡಿದರೆ ಯಾರಿಗೇನು ನಷ್ಟ? ಎಲ್ಲರೂ ನೋಡೋದು ಅದೇ ಬಾವುಟ ತಾನೆ?

– ಇದೇ ಮಾತನ್ನು ನನಗೆ ಒಬ್ಬರು ಹೇಳಿದ್ದರು. ನಾನೂ ಒಪ್ಪಿಕೊಂಡು ಬಿಡ್ತಿದ್ದೆ. ಹೇಳ್ತೀನಿ ಕೇಳು. ಊರಿನ ಹೆಸರು, ಕ್ಲಬ್ಬಿನ ಹೆಸರು ಬೇಡ. ತಪ್ಪು ನನ್ನದು.

ಮಕ್ಕಳ ರೇಸೇ. ನಾಳೆ ನಿನ್ನ ಮುಂದೆ ಬರ್ತಾವಲ್ಲ, ಅಂಥವೇ ಆಪ್ಟಿಮಿಸ್ಟ್ ದೋಣಿಗಳು. ಎರಡು ಮೀಟರಿಗೆ ಸ್ವಲ್ಪ ಹೆಚ್ಚಿನ ಉದ್ದ, ಮುಂಭಾಗ ಮೊಂಡು, ಒಂದೇ ಹಾಯಿ. ಮಧ್ಯಾಹ್ನದ ಗಾಳಿ ಬಿಟ್ಟು ಬಿಟ್ಟು ಬಡಿಯುತ್ತಿತ್ತು. ಐದಾಯ್ತು, ನಾಲ್ಕಾಯ್ತು, ಪಿ ಇಳಿಯಿತು. ನಲವತ್ತು ಸೆಕೆಂಡು ಅಂದೆ. ಮೂವತ್ತು ಅನ್ನಬೇಕು, ಅಷ್ಟರಲ್ಲಿ ನಮ್ಮ ಬೋಟಿನ ಬುಡದಲ್ಲೇ ಒಂದು ದೋಣಿ ಮಗುಚಿತು. ಹುಡುಗಿಯ ಕೈ ಮೇಲೆ ಕಾಣಿಸಿತು, ಮತ್ತೆ ಕಾಣಿಸಲಿಲ್ಲ. ನಾನು ತಲೆಯೆತ್ತಿ ನೋಡಿದೆ. ರೆಸ್ಕ್ಯೂ ಬೋಟು ಹೊರಟೇ ಇತ್ತು, ಹುಡುಗಿ ಲೈಫ್ ಜಾಕೆಟ್ ಹಾಕಿಕೊಂಡೇ ಇದ್ದಳು, ದೋಣಿಯ ಅಂಚು ಹಿಡಿದು ಮೇಲೆದ್ದು ನಗುತ್ತಲೂ ಇದ್ದಳು. ಎದೆ ತಿಳಿಯಾಗಿ ಕೈಯ ಕಡೆ ನೋಡ್ತೀನಿ, ವಾಚು ಸೊನ್ನೆ ದಾಟಿ ಮೇಲಕ್ಕೆ ಓಡ್ತಿದೆ. ಒಂಬತ್ತು ಸೆಕೆಂಡು. ಹಗ್ಗ ಹಿಡಿದವರು ನನ್ನ ಮುಖವನ್ನೇ ನೋಡ್ತಿದ್ದಾರೆ. ‘ಇಳಿಸು’ ಅಂತ ಕೂಗಿದೆ. ಇಳಿಸಿದರು.

– ಅಯ್ಯೋ.

– ಆ ಒಂಬತ್ತು ಸೆಕೆಂಡಿನಲ್ಲಿ ಏನಾಯ್ತು ನೋಡು. ನಾಲ್ಕು ದೋಣಿ ಆಗಲೇ ಗೆರೆ ದಾಟಿದ್ದವು. ಅವರು ಅವಸರ ಮಾಡಿದವರಲ್ಲ, ಐದು ನಿಮಿಷದ ಬಾವುಟಕ್ಕೆ ವಾಚು ಒತ್ತಿ, ಲೆಕ್ಕ ಹಾಕಿ, ಸರಿಯಾಗಿ ಸೊನ್ನೆಗೆ ಬಂದವರು. ಹಿಂದೆ ಉಳಿದವರಲ್ಲಿ ಹೆಚ್ಚಿನವರು ಲೆಕ್ಕ ತಪ್ಪಿದವರು. ನನ್ನ ಬಾವುಟ ಲೆಕ್ಕ ತಪ್ಪಿದವರನ್ನು ಒಳಗೆ ಸೇರಿಸಿಕೊಂಡು, ಸರಿಯಿದ್ದವರನ್ನು ಹೊರಗೆ ಹಾಕಿತು. ಬಿಳಿಯ ಮೇಲೆ ನೀಲಿ ಶಿಲುಬೆಯ ಎಕ್ಸ್ ಬಾವುಟ ಏರಿತು, ಒಂದು ಸದ್ದಾಯಿತು. ನಾಲ್ವರೂ ತಿರುಗಿ ಬಂದು, ಗೆರೆಯ ಹಿಂದಿನಿಂದ ಮತ್ತೆ ಹೊರಡಬೇಕಾಯ್ತು. ಅಷ್ಟರಲ್ಲಿ ಮಿಕ್ಕವರು ಎಲ್ಲೋ ಹೋಗಿದ್ದರು.

– ಸರಿಪಡಿಸೋದಕ್ಕೆ ದಾರಿಯೇ ಇರಲಿಲ್ಲವಾ?

– ಇತ್ತು ಕಣಮ್ಮ, ಅದಕ್ಕೇ ಇವತ್ತಿಗೂ ಚುಚ್ಚುತ್ತೆ. ಹೊರಡಿಸುವ ಕ್ರಮದಲ್ಲೇ ತಪ್ಪಾದರೆ ಎಲ್ಲರನ್ನೂ ವಾಪಸ್ ಕರೆಯಬಹುದು. ನೀಲಿ ಅಂಚಿನ ಹಳದಿ ಮುಮ್ಮೂಲೆ ಬಾವುಟ, ಎರಡು ಸದ್ದು. ಆ ಬಾವುಟ ಇಳಿಸಿ ಒಂದು ನಿಮಿಷಕ್ಕೆ ಮತ್ತೆ ಮೊದಲಿಂದ ಐದು ನಿಮಿಷದ ಎಣಿಕೆ. ನಾನು ಆ ಕ್ಷಣ ‘ಸಾರ್, ಒಂಬತ್ತು ಸೆಕೆಂಡು ತಡವಾಯ್ತು, ನನ್ನ ತಪ್ಪು’ ಅಂದಿದ್ದರೆ ಮುಗಿದುಹೋಗ್ತಿತ್ತು. ನಾಲಿಗೆ ಏಳಲಿಲ್ಲ. ಹಗ್ಗ ಹಿಡಿದವರಿಗೆ ಗೊತ್ತಾಗಿತ್ತು. ಮೆಲ್ಲಗೆ ಹೇಳಿದರು, ‘ಬಿಡಿ ಸಾರ್, ಬಾವುಟವೇ ಸಮಯ, ರೂಲೇ ಹಾಗಿದೆ.’ ನೀನೂ ಈಗ ಅಂದದ್ದು ಅದನ್ನೇ. ನಾನು ಯೋಚನೆ ಮಾಡ್ತಾ ಕೂತೆ. ಹೀಗೆ ಕೂತಷ್ಟೂ ದೋಣಿಗಳು ದೂರ ಹೋಗ್ತಿದ್ದವು, ಹೇಳೋದು ಇನ್ನಷ್ಟು ಕಷ್ಟವಾಗ್ತಿತ್ತು.

– ಆಮೇಲೆ?

– ರೇಸ್ ಮುಗೀತು. ವಾಪಸ್ ಹೋಗಿ ಬಂದ ನಾಲ್ವರಲ್ಲಿ ಒಬ್ಬ ಹುಡುಗ, ಹನ್ನೆರಡು ಹದಿಮೂರು ವರ್ಷ ಇರಬೇಕು, ದೋಣಿಯನ್ನು ನಮ್ಮ ಬೋಟಿನ ಪಕ್ಕಕ್ಕೆ ತಂದ. ಜಗಳ ಆಡಲಿಲ್ಲ, ಅಳಲಿಲ್ಲ. ಕೈ ಮುಂದೆ ಚಾಚಿ ತನ್ನ ವಾಚು ತೋರಿಸಿದ. ನೀರು ತೊಟ್ಟಿಕ್ಕುತ್ತಿದ್ದ ಕೈ, ಹಗ್ಗ ಎಳೆದು ಬೆರಳು ಕೆಂಪಾಗಿತ್ತು. ಬೆಲ್ಟಿಗೆ ಕೊನೆಯ ತೂತೂ ಸಾಲದೆ ಅವರಮ್ಮನೋ ಯಾರೋ ಇನ್ನೊಂದು ತೂತು ಹಾಕಿ ಕೊಟ್ಟಿದ್ದರು. ‘ಅಂಕಲ್, ಬಾವುಟ ಇಳಿದಾಗ ಇದರಲ್ಲಿ ಒಂಬತ್ತು ಆಗಿತ್ತು’ ಅಂದ. ಕೇಳಿದ್ದು ಅಷ್ಟೇ. ನನ್ನ ವಾಚು ಇನ್ನೂ ನಿಲ್ಲಿಸಿರಲಿಲ್ಲ. ಎರಡನ್ನೂ ಪಕ್ಕಪಕ್ಕ ಹಿಡಿದೆ. ಎರಡೂ ಒಂದೇ ಹೊತ್ತು ತೋರಿಸ್ತಿದ್ದವು.

– ನೀವೇನು ಹೇಳಿದಿರಿ?

– ‘ನಿನ್ನದೇ ಸರಿ’ ಅಂದೆ. ಅವನ ಎದುರಿಗೇ ರೇಸ್ ಆಫೀಸರ್ ಹತ್ತಿರ ಹೋಗಿ ಎಲ್ಲ ಒಪ್ಪಿಸಿದೆ. ಕಮಿಟಿಯ ತಪ್ಪಿನಿಂದ ದೋಣಿಗೆ ನಷ್ಟವಾದರೆ ಪರಿಹಾರ ಕೇಳಬಹುದು, ದೋಣಿಯವರೇ ಕೇಳಬೇಕು ಅಂತಿಲ್ಲ, ಕಮಿಟಿಯೂ ಅವರ ಪರವಾಗಿ ಕೇಳಬಹುದು. ಹಾಗೇ ಮಾಡಿದೆವು. ವಿಚಾರಣೆಯಲ್ಲಿ ನಾನೇ ಸಾಕ್ಷಿ. ನಾಲ್ವರಿಗೂ ಅವರ ಬೇರೆ ರೇಸುಗಳ ಸರಾಸರಿ ಅಂಕ ಕೊಟ್ಟರು. ಆದರೆ ಅವತ್ತು ಅವನು ಅಷ್ಟು ಚೆನ್ನಾಗಿ ಹೊರಟಿದ್ದನಲ್ಲ, ಅದನ್ನು ಯಾವ ಸರಾಸರಿ ವಾಪಸ್ ಕೊಡುತ್ತೆ? ಆವತ್ತಿನಿಂದ ಒಂದು ಮಾತು ಗಟ್ಟಿಯಾಯ್ತು. ಬಾವುಟವನ್ನು ನಂಬು ಅಂತ ನಿಯಮ ಹೇಳಿರೋದು ದೋಣಿಯವರಿಗೆ. ಬಾವುಟ ಇಳಿಸೋ ನಮಗಲ್ಲ. ಅವರಿಗೆ ಬೇರೆ ದಾರಿ ಇಲ್ಲ ಅಂತ ಗೊತ್ತಿದ್ದೂ ನಾವು ಆ ನಿಯಮದ ಹಿಂದೆ ಅವಿತುಕೊಳ್ಳಬಾರದು.

– ಮಗುಚಿದ ಹುಡುಗಿಯ ಕಡೆ ನೋಡಿದ್ದು ತಪ್ಪಾ? ನನಗೆ ಹಾಗನ್ನಿಸಲ್ಲ.

– ನೋಡಬೇಕು ಅನ್ನಿಸಿದ್ದು ತಪ್ಪಲ್ಲ. ಆದರೆ ಅವಳನ್ನು ನೋಡೋದಕ್ಕೆ ಒಂದು ರೆಸ್ಕ್ಯೂ ಬೋಟು, ಮೂರು ಜೊತೆ ಕಣ್ಣು ಇದ್ದವು. ವಾಚು ನೋಡೋದಕ್ಕೆ ಇದ್ದದ್ದು ನನ್ನ ಕಣ್ಣು ಮಾತ್ರ. ನಿಜಕ್ಕೂ ಅಪಾಯ ಅನ್ನಿಸಿದರೆ ಕೂಗಿ ಹೇಳು, ರೇಸ್ ಆಫೀಸರ್ ಕೆಂಪು ಬಿಳಿ ಪಟ್ಟೆಯ ಬಾವುಟ ಏರಿಸಿ ಎರಡು ಸದ್ದು ಮಾಡಿಸಿ ಹೊರಡೋದನ್ನೇ ಮುಂದಕ್ಕೆ ಹಾಕ್ತಾರೆ. ಯಾರೂ ತಪ್ಪು ತಿಳಿಯಲ್ಲ. ಎಣಿಕೆಯನ್ನು ಮಾತ್ರ ಎಳೆಯಬೇಡ, ಕುಗ್ಗಿಸಬೇಡ. ಅರವತ್ತು ಸೆಕೆಂಡು ಅಂದರೆ ಅರವತ್ತೇ.

– ಗಡಿಯಾರವೇ ತಪ್ಪು ತೋರಿಸಿದರೆ?

– ನಾವು ಆಗ ಆಕಾಶವಾಣಿ ವಾರ್ತೆಗೆ ಮೊದಲು ಬರುವ ಪೀಪ್ ಸದ್ದಿಗೆ ಹೊಂದಿಸ್ತಿದ್ದೆವು. ಈಗ ಜಿಪಿಎಸ್ ಸಮಯ ಅಂತ ಸೂಚನೆಯಲ್ಲೇ ಬರೆದಿರ್ತಾರೆ, ದೋಣಿಯವರೂ ಅದಕ್ಕೇ ಹೊಂದಿಸಿಕೊಂಡು ಬರ್ತಾರೆ. ಬೆಳಿಗ್ಗೆ ಹೊಂದಿಸು. ಎರಡು ವಾಚು ಇಟ್ಟುಕೊ, ಎರಡನ್ನೂ ಒಟ್ಟಿಗೆ ಒತ್ತು, ಒಂದನ್ನು ಪಕ್ಕದವರಿಗೆ ಕೊಡು. ಫೋನು ಮಾತ್ರ ಬೇಡ. ಬಿಸಿಲಿಗೆ ಪರದೆ ಕಾಣಲ್ಲ, ಒದ್ದೆ ಬೆರಳಿಗೆ ಬಗ್ಗಲ್ಲ, ಸರಿಯಾಗಿ ಮೂವತ್ತನೇ ಸೆಕೆಂಡಿಗೆ ಯಾರದೋ ಫೋನ್ ಬರುತ್ತೆ.

– ಹೊರಡಿಸಿದ ಮೇಲಾದರೂ ನೋಡಬಹುದಾ?

– ಸ್ವಲ್ಪ. ವಾಚು ಮಾತ್ರ ನಿಲ್ಲಿಸಬಾರದು, ಯಾವ ಕಾರಣಕ್ಕೂ. ಎಕ್ಸ್ ಬಾವುಟ ಏರಿದ್ದರೆ, ಬೇಗ ದಾಟಿದವರೆಲ್ಲ ಹಿಂದಕ್ಕೆ ಬರುವ ತನಕ ಅದು ಮೇಲಿರಬೇಕು. ಯಾರಾದರೂ ಬಾರದೇ ಹೋದರೆ ನಾಲ್ಕು ನಿಮಿಷದ ತನಕ. ಆ ನಾಲ್ಕು ನಿಮಿಷ ಹೇಳೋದೂ ನೀನೇ. ಹಿಂದೆ ಇನ್ನೊಂದು ಕ್ಲಾಸ್ ಕಾಯ್ತಿದ್ದರೆ ಅವರ ಐದು ನಿಮಿಷವೂ ಇದರ ಮೇಲೇ ಸವಾರಿ ಮಾಡುತ್ತೆ. ಆಗ ತಲೆ ತಣ್ಣಗಿರಬೇಕು. ಮುಂದಿನ ದೋಣಿ ಮೊದಲ ಬೋಯಾ ಸುತ್ತಿದ್ದು ಎಷ್ಟು ಹೊತ್ತಿಗೆ, ಗಾಳಿ ತಿರುಗಿದ್ದು ಎಷ್ಟು ಹೊತ್ತಿಗೆ, ದೋಣಿ ಮಗುಚಿದ್ದು, ಯಾರಾದರೂ ರೇಸ್ ಬಿಟ್ಟು ದಡಕ್ಕೆ ಹೋದದ್ದು, ಎಲ್ಲಕ್ಕೂ ಗಂಟೆ ನಿಮಿಷ ಹಾಕಿ ಬರೆಸು. 1988ರ ಸೋಲ್ ಒಲಿಂಪಿಕ್ಸಿನ ಹಾಯಿದೋಣಿ ಸ್ಪರ್ಧೆ ಬೂಸಾನ್ ಸಮುದ್ರದಲ್ಲಿ ನಡೀತು. ಕೆನಡಾದ ಲಾರೆನ್ಸ್ ಲೆಮ್ಯೂ ತನ್ನ ರೇಸಿನಲ್ಲಿ ಎರಡನೇ ಜಾಗದಲ್ಲಿದ್ದ. ಪಕ್ಕದ ರೇಸಿನಲ್ಲಿ ಸಿಂಗಪುರದ ದೋಣಿ ಮಗುಚಿ, ಇಬ್ಬರು ಗಾಯಗೊಂಡು ನೀರಿನಲ್ಲಿದ್ದರು. ತನ್ನ ರೇಸ್ ಬಿಟ್ಟು ತಿರುಗಿ ಹೋಗಿ ಅವರನ್ನು ಎತ್ತಿಕೊಂಡ. ಗೆರೆ ಮುಟ್ಟೋ ಹೊತ್ತಿಗೆ ಎಷ್ಟೋ ಹಿಂದಿದ್ದ. ತೀರ್ಪುಗಾರರು ಅವನಿಗೆ ಆ ರೇಸಿನ ಎರಡನೇ ಸ್ಥಾನವನ್ನೇ ಕೊಟ್ಟರು. ಗಡಿಯಾರ ‘ತಡವಾಗಿ ಬಂದ’ ಅಂತಷ್ಟೇ ಹೇಳುತ್ತೆ, ಯಾಕೆ ತಡ ಅಂತ ಹೇಳೋದಕ್ಕೆ ಕಂಡವರ ಸಾಕ್ಷಿ, ಬರೆದಿಟ್ಟ ಕಾಗದ ಬೇಕು.

– ಮುಗಿಯುವಾಗ ಹೇಗೆ? ಒಟ್ಟಿಗೇ ಬಂದುಬಿಡ್ತಾರಲ್ಲ.

– ಹೌದು, ಕೈ ನಡುಗೋದು ಅಲ್ಲೇ. ಗೆರೆ ನೋಡುವವರು ‘ಈಗ’ ಅಂತಾರೆ. ನೀನು ನಿಮಿಷ ಸೆಕೆಂಡು ಓದ್ತೀಯ. ಬರೆಯುವವರು ಹಾಯಿ ನಂಬರ್ ಹಾಕಿ ಬರೀತಾರೆ. ಮೂವರೂ ಒಂದೇ ಉಸಿರಿನಲ್ಲಿ. ದೋಣಿಯ ಒಡಲು ಗೆರೆ ಮುಟ್ಟಿದಾಗಲೇ ‘ಈಗ’. ಹಿಂದೆ ಹಾಯಿಯ ತುದಿಯೋ, ಕೂತವರ ಕೈಯೋ ದಾಟಿದರೂ ಲೆಕ್ಕಕ್ಕೆ ಬರ್ತಿತ್ತು. 2021ರ ನಿಯಮದಿಂದ ಒಡಲು ಮಾತ್ರ. ಏಳೆಂಟು ದೋಣಿ ಗುಂಪಾಗಿ ಬಂದರೆ ನಂಬರುಗಳನ್ನು ಬಂದ ಕ್ರಮದಲ್ಲಿ ಕೂಗಿ, ಧ್ವನಿಯನ್ನು ರಿಕಾರ್ಡ್ ಮಾಡಿಕೊಂಡಿರಿ, ಆಮೇಲೆ ಕೇಳಿ ತಾಳೆ ನೋಡಿ. ಪೆನ್ನು ಬೇಡ, ಪೆನ್ಸಿಲ್. ಶಾಯಿ ನೀರು ತಾಕಿದರೆ ಹರಡುತ್ತೆ. ತಪ್ಪು ಬರೆದರೆ ಉಜ್ಜಬೇಡ, ಒಂದು ಗೆರೆ ಎಳೆದು ಪಕ್ಕದಲ್ಲಿ ಬರಿ. ಮೊದಲು ಏನು ಬರೆದಿದ್ದೆ ಅನ್ನೋದೂ ಕಾಣಬೇಕು.

– ನಾಳೆ ಬೆಳಿಗ್ಗೆ ಎಲ್ಲ ಒಂದೇ ಥರದ ದೋಣಿ. ಯಾರು ಮೊದಲು ಬಂದರೋ ಅವರೇ ಮೊದಲು. ಮಧ್ಯಾಹ್ನ ದೊಡ್ಡವರ ರೇಸಿನಲ್ಲಿ ಬೇರೆ ಬೇರೆ ದೋಣಿ ಇರ್ತಾವಂತೆ. ಅದೇನೋ ಹ್ಯಾಂಡಿಕ್ಯಾಪ್ ಅಂದರು.

– ಅಲ್ಲಿ ನಿನ್ನ ಕೆಲಸದ ತೂಕ ಗೊತ್ತಾಗೋದು. ಒಂದೊಂದು ಥರದ ದೋಣಿಗೂ ಒಂದೊಂದು ಅಂಕೆ ಇರುತ್ತೆ, ವೇಗದ ದೋಣಿಗೆ ಕಡಿಮೆ, ನಿಧಾನದ್ದಕ್ಕೆ ಹೆಚ್ಚು. ತೆಗೆದುಕೊಂಡ ಸಮಯವನ್ನು ಸಾವಿರದಿಂದ ಗುಣಿಸಿ ಆ ಅಂಕೆಯಿಂದ ಭಾಗಿಸೋದು. ಪೋರ್ಟ್ಸ್‌ಮತ್ ಯಾರ್ಡ್‌ಸ್ಟಿಕ್ ಅಂತಾರೆ. ಒಂದು ದೋಣಿಯ ಅಂಕೆ 1100, ಅದು 55 ನಿಮಿಷದಲ್ಲಿ ಬಂತು ಅಂದುಕೊ. ಇನ್ನೊಂದರದ್ದು 1200, ಸರಿಯಾಗಿ ಒಂದು ಗಂಟೆ ತೆಗೆದುಕೊಂಡಿತು. ಲೆಕ್ಕ ಹಾಕು.

– 3300 ಸೆಕೆಂಡು... 1100ರಿಂದ ಭಾಗಿಸಿದರೆ 3000. ಇದು 3600, ಭಾಗಿಸು 1200... ಇದೂ 3000! ಇಬ್ಬರೂ ಸಮ.

– ನೀನು ಒಂದು ಸೆಕೆಂಡು ತಡವಾಗಿ ಓದಿದರೆ?

– ಹಿಂದಿನವನು ಸೋತ.

– ಐದು ನಿಮಿಷ ಹಿಂದೆ ಬಂದವನು ಗೆದ್ದಿದ್ದಾನೋ ಸೋತಿದ್ದಾನೋ ಅಂತ ನೀರಿನ ಮೇಲೆ ಯಾರಿಗೂ ಗೊತ್ತಿರಲ್ಲ. ನಿನ್ನ ಕಾಗದಕ್ಕೆ ಮಾತ್ರ ಗೊತ್ತು. ಲಿಪ್ಟನ್ ಚಹಾ ಕುಡೀತೀಯಲ್ಲ, ಆ ಕಂಪನಿ ಕಟ್ಟಿದ ಸರ್ ಥಾಮಸ್ ಲಿಪ್ಟನ್ ಅಮೆರಿಕಾಸ್ ಕಪ್ ಗೆಲ್ಲಬೇಕು ಅಂತ 1899ರಿಂದ 1930ರ ತನಕ ಐದು ಸಲ ದೋಣಿ ತಂದ. ಐದೂ ದೋಣಿಗೆ ಶ್ಯಾಮ್‌ರಾಕ್ ಅಂತಲೇ ಹೆಸರು. ನಾಲ್ಕನೇ ಸಲ, 1920ರ ಜುಲೈನಲ್ಲಿ, ನ್ಯೂಯಾರ್ಕ್ ಹತ್ತಿರದ ಸ್ಯಾಂಡಿ ಹುಕ್ ಸಮುದ್ರದಲ್ಲಿ ಅಮೆರಿಕದ ರೆಸಲ್ಯೂಟ್ ಎದುರು ಮೊದಲ ಎರಡು ರೇಸೂ ಗೆದ್ದುಬಿಟ್ಟ. ಮೂರನೇದು. ಆಗೆಲ್ಲ ಪ್ರತಿ ದೋಣಿಯೂ ಗೆರೆ ದಾಟಿದ ಹೊತ್ತನ್ನು ಬೇರೆ ಬೇರೆ ಬರೆದುಕೊಳ್ಳೋರು. ಎರಡೂ ದೋಣಿ ಇಡೀ ಹಾದಿ ಸುತ್ತಿ ಬಂದ ಹೊತ್ತು ಲೆಕ್ಕ ಹಾಕಿದರೆ, 4 ಗಂಟೆ 3 ನಿಮಿಷ 6 ಸೆಕೆಂಡು. ಇದಕ್ಕೂ ಅಷ್ಟೇ, ಅದಕ್ಕೂ ಅಷ್ಟೇ.

– ಒಂದು ಸೆಕೆಂಡೂ ಹೆಚ್ಚುಕಮ್ಮಿ ಇಲ್ಲದೆ?

– ಇಲ್ಲದೆ. ಆದರೆ ಶ್ಯಾಮ್‌ರಾಕ್ ಅಳತೆಯಲ್ಲಿ ದೊಡ್ಡದು, ರೆಸಲ್ಯೂಟ್‌ಗೆ 7 ನಿಮಿಷ 1 ಸೆಕೆಂಡು ಬಿಟ್ಟುಕೊಡಬೇಕಿತ್ತು. ಅಷ್ಟರಲ್ಲೇ ಸೋತ. ಮುಂದಿನ ಎರಡೂ ಕೈಬಿಟ್ಟು ಹೋಯ್ತು, 3–2. ನನಗೆ ಆ ಇಬ್ಬರು ನಾವಿಕರಿಗಿಂತ ಆ ನಾಲ್ಕು ಗಂಟೆ ವಾಚು ಹಿಡಿದು ಕೂತವರೇ ಕಣ್ಣ ಮುಂದೆ ಬರ್ತಾರೆ. ಎರಡು ಸಾಲು ಬರೆದು, ಕಳೆದು, ಒಂದೇ ಉತ್ತರ ಬಂದಾಗ ತಾವೇ ಎಲ್ಲೋ ತಪ್ಪಿದೆವು ಅಂತ ಎಷ್ಟು ಸಲ ಮತ್ತೆ ಕಳೆದು ನೋಡಿರಬೇಕು!

– ಹೊತ್ತು ಮೀರಿದರೆ ರೇಸೇ ಇಲ್ಲ ಅಂತಾರಲ್ಲ, ಅದೂ ನನ್ನದೇನಾ?

– ನಿನ್ನದೇ. ಇಷ್ಟು ಹೊತ್ತಿನೊಳಗೆ ಯಾರೂ ಮುಗಿಸದಿದ್ದರೆ ರೇಸ್ ರದ್ದು ಅಂತ ಮೊದಲೇ ಬರೆದಿರ್ತಾರೆ. 2013ರ ಸೆಪ್ಟೆಂಬರ್ 20, ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ. ಮತ್ತೆ ಅಮೆರಿಕಾಸ್ ಕಪ್. ನ್ಯೂಜಿಲೆಂಡ್‌ಗೆ 8 ಅಂಕ, ಅಮೆರಿಕದ ಒರಾಕಲ್ ತಂಡಕ್ಕೆ 2. ಇನ್ನೊಂದು ಗೆದ್ದರೆ ಕಪ್ ನ್ಯೂಜಿಲೆಂಡಿಗೆ. ಅವತ್ತು ಗಾಳಿ ಸತ್ತುಹೋಗಿತ್ತು. ನ್ಯೂಜಿಲೆಂಡ್ ಬಹಳ ಮುಂದಿತ್ತು, ಕೊನೆಯ ಗೆರೆ ಕಣ್ಣಳತೆಯಲ್ಲೇ ಇತ್ತು. ಆದರೆ 40 ನಿಮಿಷದ ಗಡುವು ಮುಗಿದುಹೋಯ್ತು. ರದ್ದು. ಅದೇ ದಿನ ಮತ್ತೆ ನಡೆಸಿದರೆ ಒರಾಕಲ್ ಗೆದ್ದಿತು. ಆಮೇಲೆ ಒಂದೊಂದಾಗಿ ಗೆಲ್ಲುತ್ತಾ ಬಂದು ಸೆಪ್ಟೆಂಬರ್ 25ಕ್ಕೆ 9–8.

– ಅನ್ಯಾಯ ಅಲ್ವಾ? ಇನ್ನು ಸ್ವಲ್ಪ ಬಿಟ್ಟಿದ್ದರೆ!

– ಇನ್ನು ಸ್ವಲ್ಪ ಅಂದರೆ ಎಷ್ಟು? ಐದು ನಿಮಿಷವಾ, ಹತ್ತಾ? ಯಾರ ಮುಖ ನೋಡಿ? ನ್ಯೂಜಿಲೆಂಡ್ ಇಡೀ ದೇಶವೇ ಉಸಿರು ಹಿಡಿದು ಕೂತಿತ್ತು, ನನಗೂ ಹೊಟ್ಟೆ ಉರಿದಿತ್ತು. ಆದರೂ ಆ ಗಡಿಯಾರ ನೋಡ್ತಿದ್ದವರ ಕಡೆಗೇ ನಾನು. ಬೆಳಿಗ್ಗೆ ಇಬ್ಬರಿಗೂ 40 ಅಂತ ಹೇಳಿ, ಮಧ್ಯಾಹ್ನ ಒಬ್ಬರಿಗಾಗಿ 45 ಮಾಡಿದರೆ, ಆ ಒಂಬತ್ತು ಸೆಕೆಂಡಿನ ಹುಡುಗನಿಗೆ ನಾನು ಮಾಡಿದ್ದೇ ಆಯ್ತಲ್ಲ.

– ದೊಡ್ಡಪ್ಪ, ಈಗ ಭಯ ಆಗ್ತಿದೆ.

– ಆಗಲಿ. ಏಳು, ಅಭ್ಯಾಸ ಮಾಡೋಣ. ಆ ತಂತಿ ಮೇಲಿನ ಟವೆಲ್ ತಾ, ಅದೇ ಕ್ಲಾಸ್ ಬಾವುಟ. ನಾನು ಎತ್ತಿ ಹಿಡೀತೀನಿ. ಕೊನೆಯ ಒಂದು ನಿಮಿಷ ಎಣಿಸು. ಮೊದಲು ಹತ್ತು ಹತ್ತಾಗಿ, ಕೊನೆಯ ಹತ್ತು ಒಂದೊಂದಾಗಿ. ದನಿ ಒಂದೇ ಸಮ ಇರಲಿ, ಅವಸರವೂ ಬೇಡ, ರಾಗವೂ ಬೇಡ. ಸೊನ್ನೆಗೆ ‘ಇಳಿಸಿ’ ಅನ್ನು. ಬೇರೆ ಒಂದು ಮಾತೂ ಆಡಬೇಡ. ಶುರು.

– ಒಂದು ನಿಮಿಷ.

– ಬೆನ್ನು ನೆಟ್ಟಗೆ.

– ಐವತ್ತು.

– ನೋಡು, ನಿಮ್ಮಪ್ಪ ಗೇಟ್ ಹತ್ತಿರ ಬಂದ.

– ನಲವತ್ತು.

– ಕೈಯಲ್ಲಿ ಏನೋ ಪೊಟ್ಟಣ ಇದೆ. ನಿನಗೇ ಇರಬೇಕು.

– ಮೂವತ್ತು.

– ಅಯ್ಯೋ, ಒಲೆ ಮೇಲೆ ಹಾಲಿಟ್ಟಿದ್ದಳಲ್ಲ ನಿಮ್ಮ ದೊಡ್ಡಮ್ಮ, ಉಕ್ತಾ ಇದೆ ಕಣೆ!

– ದೊಡ್ಡಮ್ಮಾ, ಹಾಲು! ಇಪ್ಪತ್ತು.

– ತಲೆ ಎತ್ತಲಿಲ್ಲ ನೀನು.

– ಹತ್ತು. ಒಂಬತ್ತು. ಎಂಟು. ಏಳು. ಆರು. ಐದು. ನಾಲ್ಕು. ಮೂರು. ಎರಡು. ಒಂದು. ಇಳಿಸಿ!